ಅಕ್ಕನ ಸೀಟಿನ ಹಿಂದಿನ ತೇಪೆ

...ಅಯ್ಯೋ ಭಾವ, ಅದಕ್ಕೆ ಕೈ ಹಾಕಬೇಡಿ! ಇಳೀರಿ ಕೆಳಗೆ, ಇಳೀರಿ. ಸೀಟು ಬಿಚ್ಚೋದು ಆಮೇಲೆ. ಮೊದಲು ಬಾಗಿಲು. ವಿಮಾನದೊಳಗೆ ಚಳಿಗಾಳಿ ಬರ್ತಿದೆ ಅಂದ್ರೆ ಮೊದಲು ಬಾಗಿಲಿನ ಕುತ್ತಿಗೆ ಹಿಡೀಬೇಕು. ಇದು ನಮ್ಮ ಕಸುಬಿನ ನಿಯಮ. ಯಾರು ಮಾಡಿದ್ದು ಅಂತೀರಾ? ನಾನೇ. ಈಗ ತಾನೇ.

ನಗಲ್ಲ, ಅಲ್ವಾ? ಸರಿ ಬಿಡಿ. ಮೊದಲೆಲ್ಲ ಇಷ್ಟಕ್ಕೇ ಹೊಟ್ಟೆ ಹಿಡ್ಕೊಂಡು ನಗ್ತಿದ್ರಿ. ನಿಮ್ಮ ಮದುವೆ ದಿನ ನಿಮ್ಮ ಟೋಪಿಯೊಳಗೆ ಕಪ್ಪೆ ಬಿಟ್ಟಿದ್ದೆನಲ್ಲ, ನೆನಪಿದೆಯಾ? ನಕ್ಕಿದ್ದು ನೀವು. ಚಪ್ಪಲಿ ಹಿಡ್ಕೊಂಡು ಅಟ್ಟಿಸ್ಕೊಂಡು ಬಂದಿದ್ದು ಅಕ್ಕ! ಏನಂದ್ರಿ? ಕಪ್ಪೆ ಅಲ್ವಾ? ರಬ್ಬರ್ ಹಲ್ಲಿನಾ? ಇರಬಹುದು ಭಾವ. ನನ್ನ ಕಥೇಲಿ ಕಪ್ಪೇನೇ ಇರಲಿ, ಚೆನ್ನಾಗಿ ನೆಗೆಯುತ್ತೆ.

ಈಗ ಇಲ್ಲಿ ನೋಡಿ. ಬ್ಲೋಯರಿನ ಮೂತೀನ ಈ ಚಿಕ್ಕ ಕಿಟಕಿಗೆ ಸಿಕ್ಕಿಸಿ ಸುತ್ತ ಟೇಪು ಹಾಕಿದೆ. ಒಳಗೆಲ್ಲ ಗಾಳಿ ತುಂಬ್ಕೊಂಡು ನಮ್ಮ ಈ ಮುದುಕಿ ವಿಮಾನ ಹೊಟ್ಟೆ ಉಬ್ಬಿಸ್ಕೊಂಡು ಕೂರ್ತಾಳೆ. ಆಗ ಹೊರಗಡೆ ಸೋಪಿನ ನೀರು ಬಳೀಬೇಕು. ಎಲ್ಲಿ ಗುಳ್ಳೆ ಏಳುತ್ತೋ ಅಲ್ಲಿ ತೂತು. ಬ್ರಷ್ ತಗೊಳ್ಳಿ. ಶುರು ಮಾಡಿದೆ ನೋಡಿ... ಕೇಳಿಸ್ತಿದೆಯಾ? ಈ ಸದ್ದಲ್ಲಿ ನಾನು ಕಿರುಚಲೇಬೇಕು, ತಪ್ಪು ತಿಳ್ಕೋಬೇಡಿ!

ಆಹಾ! ನಿಮ್ಮ ಕಡೆ ಬಾಗಿಲ ಮೇಲಂಚು! ನೋಡಿ ಹೇಗೆ ಬುರುಬುರು ಅಂತಿದೆ! ಇದೇ ಕಳ್ಳಿ. ರಬ್ಬರು ಈಚೆಗೆ ಕಲ್ಲಾಗಿಬಿಟ್ಟಿದೆ ಭಾವ, ಉಗುರಲ್ಲಿ ಒತ್ತಿದ್ರೆ ಉಗುರೇ ಹೋಗುತ್ತೆ. ಹಾರೋವಾಗ ಬಾಗಿಲ ಮೇಲಿಂದ ಗಾಳಿ ಹೊರಗೆ ಹೀರ್ಕೊಂಡು ಹೋಗುತ್ತೆ, ಅದರ ಬದಲು ಬಾಲದ ಕಡೆಯಿಂದ ತಣ್ಣನೆ ಗಾಳಿ ಒಳಗೆ ಬರುತ್ತೆ. ಅದಕ್ಕೇ ಚಳಿ ಹೊಡೆಯೋದು ಒಂದು ಕಡೆ, ತೂತು ಇರೋದು ಇನ್ನೊಂದು ಕಡೆ. ನಮ್ಮ ಕಸುಬಲ್ಲಿ ಎಲ್ಲರೂ ಚಳಿ ಹೊಡೆದ ಜಾಗಕ್ಕೇ ಟೇಪು ಹಚ್ಚಿ ಹಚ್ಚಿ ಸಾಯ್ತಾರೆ...

ಛೆ. ಹಾಗಲ್ಲ. ಬಾಯಿಗೆ ಬಂದುಬಿಡ್ತು, ಆ ಮಾತು.

ಇಲ್ಲ ಭಾವ. ಮತ್ತೆ ಅದನ್ನೇ ಶುರು ಮಾಡಬೇಡಿ. ನೀವು ಅಕ್ಕನ್ನ ಚಳೀಲಿ ಕೂರಿಸಿದ್ದಕ್ಕೆ ಅವಳ ಎದೆಗೆ ಕಾಯಿಲೆ ಬಂದು ಅವಳು ಹೋಗಿದ್ದಲ್ಲ. ಆಸ್ಪತ್ರೇಲಿ ಡಾಕ್ಟರು ಏನಂದ್ರು? 'ಬಹಳ ತಡವಾಗಿ ಬಂದಿದ್ದೀರಿ' ಅಂದ್ರು ಅಷ್ಟೇ. ವಿಮಾನ ಅನ್ನೋ ಮಾತೇ ಎತ್ತಲಿಲ್ಲ. ಗೊತ್ತು... ನಡುಗ್ತಿದ್ಲು, ನಿಜ. ನೀವು ನಿಮ್ಮ ಕೋಟು ಬಿಚ್ಚಿ ಹೊದಿಸ್ತಿದ್ರಿ, ಕೆಳಗಿಳಿದ ತಕ್ಷಣ ನನ್ನ ಹತ್ರ ಬಂದು 'ಭಾವಮೈದ, ಎಲ್ಲೋ ತೂತಿದೆ, ಹುಡುಕಯ್ಯಾ' ಅಂತಿದ್ರಿ. ಹುಡುಕಿದೆ ತಾನೇ? ಸಿಕ್ತು ತಾನೇ? ಮುಚ್ಚಿದೆ ತಾನೇ? ಮುಗೀತು.

ಬೇಡ, ಅಕ್ಕನ ಸೀಟಿನ ಹಿಂದಿನ ಆ ತೇಪೆ ಬಿಚ್ಚೋದು ಬೇಡ! ಎಷ್ಟು ದೊಡ್ಡ ತೂತಿತ್ತು ಅಂತ ನೋಡಿ ಏನು ಮಾಡ್ತೀರಿ? ಹೇಳಿದೆನಲ್ಲ, ಅಂಗೈ ಅಗಲ. ಅಂಗೈ ಅಂದೆನಾ ಆಗ? ಬೆರಳು ಅಂದಿದ್ದೆನಾ? ನನ್ನ ಮಾತು ನಿಮಗೆ ಗೊತ್ತಲ್ಲ ಭಾವ, ಇಲಿ ಕಂಡ್ರೆ ಆನೆ ಅಂತೀನಿ. ಒಳಗೆ ಇಲಿ ಸಂಸಾರ ಹೂಡಿತ್ತು, ಅಡುಗೆಮನೆ, ಪಡಸಾಲೆ ಎಲ್ಲಾ ಮಾಡ್ಕೊಂಡಿತ್ತು, ಬಾಡಿಗೆ ಕೇಳಿದ್ರೆ ಬಾಲ ಅಲ್ಲಾಡಿಸ್ತು...

ನಗಿ ಭಾವ. ಸುಳ್ಳಿಗಾದ್ರೂ ನಗಿ.

ಬನ್ನಿ, ಹೊಸ ರಬ್ಬರು ತಂದಿದ್ದೀನಿ. ಆ ತುದಿ ಹಿಡ್ಕೊಳ್ಳಿ. ಎಳೀಬೇಡಿ, ಎಳೆದು ಅಂಟಿಸಿದ್ರೆ ಆಮೇಲೆ ಕುಗ್ಗಿ ಮೂಲೇಲಿ ಬಾಯಿ ಬಿಡುತ್ತೆ. ಹಾಗೇ ಸಡಿಲ ಬಿಟ್ಟು ಒತ್ತಿ. ಹಾ... ಹಾಗೆ. ಅಕ್ಕನ ಕಡೆ ಬಾಗಿಲಿಗೂ ಹಾಕಿಬಿಡೋಣ. ಅಲ್ಲಿ ಗುಳ್ಳೆ ಏಳಲಿಲ್ಲ, ಹೌದು. ಒಂದೂ ಏಳಲಿಲ್ಲ. ಆದ್ರೂ ಹಾಕೋಣ, ಒಂದಕ್ಕೆ ಹೊಸ ಬಟ್ಟೆ ಕೊಟ್ಟು ಇನ್ನೊಂದಕ್ಕೆ ಕೊಡದಿದ್ರೆ ಮುನಿಸಿಕೊಳ್ಳುತ್ತೆ. ಮತ್ತೆ ನೀರು ಬಳೀರಿ. ಇಲ್ಲಿ ಇಲ್ಲ. ಇಲ್ಲೂ ಇಲ್ಲ. ರೆಕ್ಕೆ ಬುಡದಲ್ಲಿ? ಇಲ್ಲ. ಶಭಾಷ್! ಮುದುಕಿ ಈಗ ಬಿಗಿಯಾದ ಡಬ್ಬಿ. ಬ್ಲೋಯರ್ ಆಫ್ ಮಾಡ್ದೆ, ಮೂತಿ ತೆಗೆದೆ, ಕಿಟಕಿ ಚಿಲಕ ಹಾಕಿದೆ. ಕೈ ತೊಳ್ಕೊಂಡು ಕಾಫಿ ಕುಡಿಯೋಣ ನಡೀರಿ.

ಭಾವ? ಮತ್ತೆ ಯಾಕೆ ಒಳಗೆ ಹತ್ತಿದ್ರಿ?

ಆ ಉಳಿ ನನ್ನದು. ಕೊಡಿ ಇಲ್ಲಿ. ಕೊಡಿ ಭಾವ, ಕೈ ಕುಯ್ಕೊಳ್ತೀರಿ... ಆ ಅಂಟು ಸುಲಭಕ್ಕೆ ಬಿಡೋದಲ್ಲ, ನಾನೇ ಎರಡು ಸಲ ಬಳಿದಿದ್ದೀನಿ... ಸಾಕು! ಸಾಕು ಅಂದೆನಲ್ಲ!

...ಬಂತಾ?



ತಗಡು ಹೊಳೀತಿದೆ, ಅಲ್ವಾ? ಕಾರ್ಖಾನೆಯಿಂದ ಬಂದ ಬಣ್ಣ. ಗೀರು ಕೂಡ ಇಲ್ಲ. ಕೈಯಾಡಿಸಿ ನೋಡಬೇಡಿ ಭಾವ, ಸಿಗಲ್ಲ. ತೂತು ಇರಲಿಲ್ಲ.

ಹೀಗೆ ನೋಡಬೇಡಿ. ಬೈರಿ. 'ಅಯೋಗ್ಯ' ಅನ್ನಿ. ಬಾಯಿ ತುಂಬಾ ಅನ್ನಿ... ಅವಳಿಗೆ ಗೊತ್ತಿತ್ತು ಭಾವ. ನೀವು ಮೊದಲನೇ ಸಲ ಕೋಟು ಹೊದಿಸೋ ಹೊತ್ತಿಗೇ ಗೊತ್ತಿತ್ತು. ಬೇರೆ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗಿದ್ದೆ. ಚಳಿ ವಿಮಾನದ್ದಲ್ಲ, ಅವಳ ಜ್ವರದ್ದು. ಡಾಕ್ಟರು ಮಾಡೋದಕ್ಕೆ ಏನೂ ಉಳಿದಿಲ್ಲ ಅಂದ್ರು. ಅವಳು ಮೆಟ್ಟಿಲಿಳೀತಾ ನನ್ನ ತೋಳು ಹಿಡ್ಕೊಂಡು, 'ನೀನು ಹುಟ್ಟಿದಾಗಿಂದ ಸುಳ್ಳೇ ಹೇಳಿದ್ದೀಯ, ಇದೊಂದನ್ನ ಚೆನ್ನಾಗಿ ಹೇಳು' ಅಂದ್ಲು. ನಿಮಗೆ ತಿಳಿದ್ರೆ ಮುದುಕೀನ ಶೆಡ್ಡಿಗೆ ತಳ್ಳಿ ಅವಳ ಮಂಚದ ಪಕ್ಕ ಮುಖ ಸಣ್ಣ ಮಾಡ್ಕೊಂಡು ಕೂರ್ತಿದ್ರಂತೆ. ಅವಳಿಗೆ ಅದು ಬೇಡ. 'ಅವರು ಮೇಲೆ ಹೋದಾಗ ಮಾತ್ರ ಹಾಡ್ತಾರೆ ಕಣೋ, ಕೆಳಗೆ ನಾಚಿಕೆ ಅವರಿಗೆ. ನನಗೆ ಆ ಹಾಡು ಬೇಕು' ಅಂದ್ಲು. ನಾನೇನು ಮಾಡ್ಲಿ ಭಾವ? ನೀವು ತೂತು ಹುಡುಕು ಅಂದ್ರಿ. ಒಂದು ತೂತು ಕೊಟ್ಟೆ.

ಅದೇ ನಿಮ್ಮನ್ನ ತಿನ್ನುತ್ತೆ ಅಂತ... 'ನಾನೇ ಅವಳನ್ನ ಚಳೀಲಿ ಕೂರಿಸಿದೆ' ಅಂತ ನೀವು ಹೀಗೆ ಸೊರಗ್ತೀರಿ ಅಂತ ನನಗೆ ಹೊಳೀಲಿಲ್ಲ. ಅವಳಿಗೂ ಹೊಳೀಲಿಲ್ಲ.



ಯಾಕೆ ಅವಳ ಸೀಟಲ್ಲಿ ಕೂತ್ರಿ? ಬಾಗಿಲು ಯಾಕೆ... ಬಾಗಿಲು ಹಾಕ್ಕೋಬೇಡಿ! ಭಾವ! ತೆಗೀರಿ! ನಿಮ್ಮ ಬಾಯಿ ಆಡ್ತಿರೋದು ಗಾಜಲ್ಲಿ ಕಾಣ್ತಿದೆ... ಬೈತಿದ್ದೀರಾ? ಅಳ್ತಿದ್ದೀರಾ? ಹಾಡ್ತಿದ್ದೀರಾ? ಏನೂ ಕೇಳಿಸ್ತಿಲ್ಲ ಭಾವ, ಎಲ್ಲಾ ಕಡೆ ಅಷ್ಟು ಬಿಗಿಯಾಗಿ ಮುಚ್ಚಿಬಿಟ್ಟಿದ್ದೀವಿ...