ಬೆದರಬೊಂಬಿಗೆ ಹೊಸಾ ಕೋಟು

...ಯಾಕ ನಗ್ತೀಯೋ ತಮ್ಮಾ ಗುದ್ಲೆಪ್ಪಾ? ಗಂಡ ಸತ್ತಾಕಿ ಗಂಡನ್ನ ಬೈಬಾರ್ದೇನು? ಇದ್ದಾಗ ದಿನಾ ಬೈದೇನಿ, ಈಗ ಬಿಟ್ರ ಅವಂಗ ಬ್ಯಾಸರಾಕ್ಕೈತಿ! ಉಳಿವೆಪ್ಪ... ಹೂಂ, ಹೆಸರು ಹಿಡದ ಹೇಳ್ತೇನಿ. ಏನ್ ಮಾಡ್ತಾನ, ಎದ್ದು ಬರ್ತಾನೇನು?

ಊರಿಗೆಲ್ಲಾ ಅಂಗಿ ಹೊಲದಾ ನಿಮ್ಮ ಮಾವ, ತನ್ನ ಅಂಗಿಗೆ ಗುಂಡಿ ಇಲ್ಲ! ಬೆಳಗಾಗೂದ್ರಾಗ ಹೊಲದಾಗ ಕುಂಟಿ ಹೊಡದು, ಅದ ಮಣ್ಣಗಾಲಾಗ ಬಂದು ಹೊಲಿಗಿ ಮಶಿನ್ ತುಳಿಯಾಂವ. ಒಮ್ಮಿ ಗೌಡ್ರ ಕೋಟಿನ ತೋಳಿನ್ಯಾಗ ಜ್ವಾಳದ ಒಣಾ ಎಲಿ, ರವದಿ ಸೇರಿಸಿ ಹೊಲದಿದ್ದ! ಮದವಿ ಮನ್ಯಾಗ ಗೌಡ್ರು ಕೆರಕೊಂಡಿದ್ದ ಕೆರಕೊಂಡಿದ್ದು... ನಗಬ್ಯಾಡೋ, ರೊಟ್ಟಿ ಗಂಟಲಕ್ಕ ಸಿಕ್ಕೀತು. ನೀರ ಕುಡಿ. ಇನ್ನ ಎತ್ತಿನ ಹಿಂದ ಹೊಂಟ್ರ ಕೊಳ್ಳಾಗ ಅಳತಿ ಟೇಪು! 'ಸಾಲು ಸೊಟ್ಟ ಮಾಡಬ್ಯಾಡ್ರೋ, ಬಿಚ್ಚಿ ಮತ್ತ ಹೊಲ್ಯಾಕ ಬರಂಗಿಲ್ಲ' ಅಂತ ಎತ್ತಿಗೆ ಬುದ್ಧಿ ಹೇಳಾಂವ.

ಜ್ವರ ಬಂದ್ರೂ ಮಲಗಲಿಲ್ಲ, ಹಟಮಾರಿ. ಮಶಿನ್ ಮ್ಯಾಲೆ ತಲಿ ಇಟ್ಟಿದ್ದ. ನಿದ್ದಿ ಹತ್ತೇತಿ ಅಂತ ನಾ ಬೈದೆ... ಇರ್ಲಿ. ಜ್ವಾಳ ತೆನಿ ಹಿಡಿಯೂ ಹೊತ್ತಿಗೆ ಹ್ವಾದ ನೋಡು. ಹಕ್ಕಿ ಕಾಯೂದು ತಪ್ಪಿಸ್ಕೊಂಡ, ಮೈಗಳ್ಳ!

ಗೊತ್ತೈತಿ ನೀ ಯಾಕ ಬಂದಿ ಅಂತ. ಶಿಗ್ಗಾಂವಿಯಿಂದ ಚಕ್ಕಡಿ ಹೂಡ್ಕೊಂಡು ಬಂದೀ, ಎತ್ತು ಸೈತ ಬಿಚ್ಚಿಲ್ಲ. ಇವತ್ತ ಅಕ್ಕನ್ನ ಒಯ್ಯಬೇಕು ಅಂತ, ಹೌದಲ್ಲೋ? ಯಾರೋ ಹೇಳ್ಯಾರ ನಿನಗ. ನಿಮ್ಮಕ್ಕ ಗುತ್ತೆವ್ವಗ ತಲಿ ಕೆಟ್ಟೈತಿ, ಮಂದಿಗೆ ಮೈಮ್ಯಾಲೆ ಅರಿವಿ ಸಿಗದ ಈ ರೇಶನ್ ಕಂಟ್ರೋಲಿನ ಕಾಲದಾಗ ಹೊಲದಾಗಿನ ಬೆದರಬೊಂಬಿಗೆ ಹೊಸಾ ಕೋಟು ಹಾಕ್ಯಾಳ ಅಂತ!

ಹಾಕೇನಿ. ಏನಾತು? ಜೀವಮಾನದಾಗ ತನಗಂತ ಒಂದ ಕೋಟು ಹೊಲಕೊಂಡ, ಅದನ್ನೂ ಹಾಕ್ಕೊಳ್ಳಲಿಲ್ಲ. ಪೆಟಿಗ್ಯಾಗ ಇಟ್ರ ಇಲಿ ತಿಂತಾವು. ಹಕ್ಕಿ ಹೆದರ್ಲಿ ಅಂತ ಹಾಕೇನಿ, ಅಷ್ಟ! ನನಗ ಅವನ ನೆಪ್ಪು ಸೈತ ಆಗಂಗಿಲ್ಲ. ಸುಗ್ಗಿ ಮುಗೀಲಿ, ಆಮ್ಯಾಲೆ ನೋಡೂಣು.

ಬಾ, ಹಿತ್ತಲ ಬಾಗಿಲದಾಗ ನಿಂತು ನೀನ ನೋಡು. ಛಲೋ ಕಾಣ್ತೈತಲ್ಲ? ರುಮಾಲ ನಾನ ಸುತ್ತೇನಿ, ಎಡಕ್ಕ ವಾಲಿಸಿ... ಕೊಳ್ಳಾಗ ಟೇಪು...



ಏನು ನೋಡಾಕತ್ತಿ? ತೆನಿ ಮ್ಯಾಲೆ ಕುಂತ ಗಿಳಿ? ಅವು ಬರೂವ ಬಿಡು... ಗುದ್ಲೆಪ್ಪಾ? ಬೊಂಬಿ ಕಡೆ ಯಾಕ ಕೈ ಮಾಡ್ತೀ?

...ಬೆಳಿಗೆ ಬೆನ್ನು ಮಾಡಿ ನಿಂತೈತಿ ಅಂತೇನು? ಮಾರಿ ಮನಿ ಕಡೆ ಐತಿ ಅಂತೇನು? ಅದು ಗಾಳಿ! ಗಾಳಿಗೆ ತಿರುಗೇತಿ. ದಿನಾ ತಿರುಗತೈತಿ...

ಹಂಗ ನೋಡಬ್ಯಾಡೋ ತಮ್ಮಾ.

ಎಲ್ಲೀ ಗಾಳಿ. ನಾನ ತಿರುಗಿಸಿ ನಿಲ್ಸೇನಿ. ರೊಟ್ಟಿ ಬಡಿಯೂ ಮುಂದ ತಲಿ ಎತ್ತಿದ್ರ... ಬಾಗಿಲದಾಗ ಏನೂ ಇರೂದಿಲ್ಲೋ. ಬರೇ ಹೊಲ. ತಡಿಯಾಕ ಆಗಂಗಿಲ್ಲ.

ಎಲ್ಲಿಗೆ ಹೊಂಟಿ? ...ಎತ್ತು ಯಾಕ ಬಿಚ್ಚಾಕತ್ತಿ? ಉಳೀತೀ?

ಹಂಗಾರ ಹೊಲಕ್ಕ ಹೋಗಿ ಒಂದಿಷ್ಟು ಗಿಳಿ ಹೊಡಿ. ಆ ಮೈಗಳ್ಳನ ಕೈಲೆ ಆಗಂಗಿಲ್ಲ.

ಆದ್ರ ಅವನ ಮಾರಿ ಮಾತ್ರ ಆ ಕಡೆ ತಿರುಗಿಸಬ್ಯಾಡ ಮತ್ತ.