ಅಕ್ತರಬೀಯ ತಾಮ್ರದ ಹಂಡೆ

ಮಧ್ಯಾಹ್ನ ಹಿಡಿದ ಮಳೆ ದೀಪ ಹಚ್ಚುವ ಹೊತ್ತಾದರೂ ಔರಾದನ್ನು ಬಿಟ್ಟಿರಲಿಲ್ಲ. ಕರೆಂಟು ಹೋಗಿತ್ತು. ಜೋಳದ ಹಿಟ್ಟು ಕೇಳಲು ಬಂದ ಪಕ್ಕದ ಮನೆಯ ಕೌಸಲ್ಯಾಬಾಯಿ ಮಳೆಗೆ ಸಿಕ್ಕು ನಮ್ಮ ಪಡಸಾಲೆಯಲ್ಲೇ ಕುಳಿತಿದ್ದರು. ಮೆಹಕರದಿಂದ ಭಾಲ್ಕಿ ಮೇಲೆ ಬಸ್ಸು ಬದಲಿಸಿ ಬಂದಿದ್ದ ನನ್ನ ಸೋದರಮಾವ ಮಾಣಿಕ ಮಾಮಾ ಪೂರ್ತಿ ತೊಯ್ದಿದ್ದರು. ನಾನು ಕಂದೀಲು ಹಚ್ಚಿಟ್ಟು ಕಂಬದ ಮರೆಗೆ ಸರಿದೆ. ನಾಲ್ಕು ಜನ ಸೇರಿದಲ್ಲಿ ನನಗೊಂದು ಕಂಬ ಬೇಕೇ ಬೇಕು.

ಆ ಕಂಬದ ಬುಡದಲ್ಲಿ ನೆಲದೊಳಗಿನಿಂದ ಒಂದು ತಾಮ್ರದ ತಂತಿ ಎದ್ದು, ಗೋಡೆಯ ಮಾಡದಲ್ಲಿ ಬಟ್ಟೆ ಹೊದ್ದು ಕುಳಿತ ಹಳೆಯ ರೇಡಿಯೋದ ಬೆನ್ನಿಗೆ ಹೋಗುತ್ತದೆ. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಯಾಕೆಂದು ಯಾರನ್ನೂ ಕೇಳಿರಲಿಲ್ಲ. ಮಾಮಾ ಅಂಗಿ ಹಿಂಡಿ ಅದೇ ತಂತಿಗೆ ನೇತುಹಾಕಲು ಹೋದರು. ಈ ಡಬ್ಬಿ ಗುಜರಿಗೆ ಹಾಕಿದರೆ ಒಂದು ಪುಟ್ಟಿ ಉಳ್ಳಾಗಡ್ಡಿಯಾದರೂ ಬಂದೀತು ಎಂದು ನಗೆಯಾಡಿದರು.

"ಕೈ ತಗಿ, ಮಾಣಿಕ," ಎಂದಳು ನನ್ನ ಅಜ್ಜಿ ಸುಭದ್ರಾಬಾಯಿ. ನಾವೆಲ್ಲ ಆಯಿ ಎನ್ನುತ್ತೇವೆ. ಆಯಿ ದನಿ ಏರಿಸುವವಳಲ್ಲ. ಆದರೂ ಮಾಮಾ ಅಂಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತುಬಿಟ್ಟರು.

"ಹೇಳ್ತೇನಿ, ಕೇಳ್ರಿ... ಕೇಳಿದ ಮ್ಯಾಲ ಅದಕ್ಕ ಅಂಗಿ ಹಾಕ್ತೀರೇನು ನೋಡೂಣು.

"ನಾ ಈ ಮನಿಗಿ ಸೊಸಿಯಾಗಿ ಬಂದ ವರ್ಷ ನಮ್ಮನ್ನ ಮೈಸೂರಿಗಿ ಕೂಡ್ಸಿದ್ರು. ನಾವೇನ ಎಲ್ಲಿಗೂ ಹೋಗ್ಲಿಲ್ಲ, ಕುಂತಲ್ಲೇ ಕುಂತಿದ್ವಿ, ಆದ್ರ ಉದಗೀರ ಬಂಬಯಿ ಕಡಿ ಹೋತು, ನನ್ನ ತವರಮನಿ ಬ್ಯಾರೆ ರಾಜ್ಯ ಆತು. ಆಗ ಈ ಪಡಸಾಲಿ ಇರ್ಲಿಲ್ಲ. ಇಲ್ಲಿ ಬಯಲಿತ್ತು, ಬಯಲಿನ ಆಚಿ ಅಕ್ತರಬೀ ಖಾಲಾನ ಮನಿ. ಖಾಲಾ ಅಂದ್ರ ಚಿಗವ್ವ. ಗಂಡ ಇಲ್ಲ, ಒಬ್ನೇ ಮಗ ಯೂಸುಫ. ಬೀದರದಾಗ ಬಿದ್ರಿ ಕೆಲಸ ಕಲೀಲಿಕತ್ತಿದ್ದ. ನಲವತ್ತೆಂಟರ ಕಡಿದಾಟದ ಗದ್ದಲದಾಗ ಅವ್ವನ್ನ ನೋಡ್ಲಿಕ್ಕಂತ ಊರಿಗಿ ಹೊಂಟಾಂವ ಮನಿ ಮುಟ್ಲಿಲ್ಲ. ಕರಾಚಿಗಿ ಹೋಗ್ಯಾನ ಅಂದ್ರು. ಇಲ್ಲ, ಬಂಬಯಿಯಾಗ ಹಡಗ ಹತ್ಯಾನ ಅಂದ್ರು. ಸತ್ತಾನ ಅಂತ ಮಾತ್ರ ಊರಾಗ ಒಬ್ರೂ ಅನ್ಲಿಲ್ಲ... ಯಾಕ ಅನ್ಲಿಲ್ಲ, ಹೇಳ್ರಿ?

"ದೂರದ ಒಂದು ರೇಡಿಯೋ ಸ್ಟೇಷನ್ನಿನಾಗ ಸಂಜಿಕ ಮಂದಿ ತಮ್ಮ ಹೆಸರು ಹೇಳಿ ಊರಿಗಿ ಸಲಾಮ ಕಳಸ್ತಾರ ಅಂತ ಯಾರೋ ಖಾಲಾನ ಕಿವಿಗಿ ಹಾಕಿದ್ರು. ಆತಲ್ಲ! ಎಮ್ಮಿ ಮಾರಿ ಬ್ಯಾಟರಿ ರೇಡಿಯೋ ತಂದ್ಲು. ಅದರಾಗ ಹೈದರಾಬಾದ ಬಿಟ್ರ ಏನೂ ಬರ್ಲಿಲ್ಲ. ಬೀದರದ ಚೌಬಾರಾದ ಹಂತ್ಯಾಕ ರಶೀದ ಅಹ್ಮದ ಅಂತ ರೇಡಿಯೋ ರಿಪೇರಿ ಮಾಡಾಂವ ಇದ್ದ, ಸೆಟ್ ಗಂಟು ಕಟ್ಕೊಂಡು ಅವನ ಬಲ್ಲಿ ಹೋಗಿ ಹೊಸ ವಾಲ್ವು ಹಾಕ್ಸಿದ್ಲು. ಅಷ್ಟಕ್ಕ ಬಿಡ್ಲಿಲ್ಲ. ಬಿದಿರಿನ ಗಳ ನಿಲ್ಲಿಸಿ, ಮನಿ ಮಾಳಗಿಯಿಂದ ಬೇವಿನ ಗಿಡದ ತನ ಏರಿಯಲ್ ತಂತಿ ಎಳಸಿದ್ಲು. ಆಗ ಬಂದ್ವು ನೋಡ್ರಿ ಶಾರ್ಟ್‌ವೇವ್ ಸ್ಟೇಷನ್ನು... ಒಂದು ಸಮುದ್ರದಾಗ ಅದ್ದಿ ತಗದಂಗ, ಒಂದು ಮೂಗಿನಾಗ ಮಾತಾಡಿದಂಗ, ಯಾವ ದೇಶದ ಭಾಷಾನೋ ಏನೋ. ನಾ ದಿನಾ ಸಂಜಿಕ ಹೋಗಿ ಬಾಜೂಕ ಕೂಡ್ತಿದ್ದೆ. ನಮ್ಮತ್ತಿ ಅಂತಿದ್ರು, ಈಕೀಗ ಗಂಡನ ಮಾತು ತಿಳೀವಲ್ದು, ಚೀನಾದ್ದು ಕೇಳ್ಲಿಕ್ಕ ಹೊಂಟಾಳ ಅಂತ. ಆದ್ರ ಖಾಲಾಗ ಬೇಕಾದ ಆ ಒಂದು ಸ್ಟೇಷನ್ ಮಾತ್ರ ಬರೇ ಖರ್ ಖರ್.

"ರಶೀದ ಅಹ್ಮದ ಬಂದು ನೋಡ್ದ. ಏರಿಯಲ್ ಛಲೋ ಅದ, ನೆಲಕ್ಕ ಇಳಸೂ ಅರ್ಥ್ ತಂತಿ ಹಿಡೀವಲ್ದು ಅಂದ. ನಿಮ್ಮ ಅಂಗಳ ಬರೇ ಕೆಂಪು ಮುರುಮು, ಒಣಾ ನೆಲ, ಹಸಿ ಮಣ್ಣು ಹುಡಕ್ರಿ, ಅದರಾಗ ತಾಮ್ರ ಹುಗೀರಿ, ಉಪ್ಪು ಇದ್ದಲಿ ಹಾಕಿ ದಿನಾ ನೀರು ಹಾಕ್ರಿ ಅಂದ. ಬಯಲಿನಾಗ ಒಂದು ಹಳೀ ಬಾವಿ ಇತ್ತು, ಗದ್ದಲದ ವರ್ಷ ಮುಚ್ಚಿದ್ದು. ಬ್ಯಾಸಗ್ಯಾಗೂ ಅದರ ಮ್ಯಾಲ ಕರಕಿ ಹಸರಿರ್ತಿತ್ತು. ಅಲ್ಲೇ ಆಗ್ಲಿ ಅಂದ್ವಿ. ಮುಚ್ಚಿದೋರು ಯಾರು, ನೀರಿದ್ದ ಬಾವಿ ಯಾಕ ಮುಚ್ಚಿದ್ರು, ಯಾರರ ಕೇಳಿದ್ವೇನು? ಖಾಲಾ ತನ್ನ ಮದಿವಿ ತಾಮ್ರದ ಹಂಡಿ ತಗಡು ಮಾಡಿಸಿ ಅಲ್ಲಿ ಹುಗಿಸಿದ್ಲು. ಯೂಸುಫ ಕೂಸಿದ್ದಾಗ ಮೈ ತೊಳ್ದ ಹಂಡಿ ಅದು.

"ಮೊದಲ್ನೇ ಸಂಜಿಕೇ ದನಿ ಬಂತು. ಸಣ್ಣಗ... 'ಅಮ್ಮೀ, ಠಂಡ... ಭೋತ ಠಂಡ.' ಚಳಿ ಅಂತ, ಭಾಳ ಚಳಿ ಅಂತ. ಖಾಲಾ ನಕ್ಕು ಅತ್ತು ಮಾಡಿದ್ಲು. ನನ್ನ ಮಗ ಹಡಗಿನ ಮ್ಯಾಲ ಹಾನ, ಸಮುದ್ರದ ಗಾಳಿ ಅವಗ ಅಂದ್ಲು. ದನಿ ಇನ್ನಷ್ಟು ಸಾಫ ಬರ್ಬೇಕಲ್ಲ? ದಿನಾ ಕೊಡಾ ತುಂಬಿ ತಾನೇ ಹೋಗಿ ಆ ಮಣ್ಣಿಗಿ ನೀರು ಹಾಕ್ತಿದ್ಲು. ಹಾಕಿದಂಗ ಹಾಕಿದಂಗ ದನಿ ಹತ್ತಿರ ಬರ್ಲಿಕತ್ತು. ಆದ್ರ ನಾ ಒಂದು ನೋಡಿದ್ದೆ... ಮುಳ್ಳು ಯಾವ ಸ್ಟೇಷನ್ನಿಗಿ ತಿರುವಿದ್ರೂ ಅದೇ ದನಿ.

"ರಶೀದ ಅಹ್ಮದಗ ಮತ್ತ ಕರಸಿದ್ವಿ. ಅಂವ ಸೆಟ್ ಮುಂದ ಕುಂತು ಏರಿಯಲ್ ತಂತಿ ಬಿಚ್ಚಿದ. ಹಾಡು ಹೋತು, ಸುದ್ದಿ ಹೋತು, ಎಲ್ಲಾ ಸ್ಟೇಷನ್ ಹೋದ್ವು. ಆ ದನಿ ಹೋಗ್ಲಿಲ್ಲ. ಖಾಲಾ ಹೊರಗ ಬಾವಿ ಮಣ್ಣಿನ ಮ್ಯಾಲ ಕೊಡಾ ಬಗ್ಗಸ್ಲಿಕತ್ತಿದ್ಲು, ಬಾಗಲದಾಗಿಂದ ನನಗ ಕಾಣಸ್ತಿತ್ತು. ನೀರು ಬಿದ್ದ ಗಳಿಗ್ಗೇ ರೇಡಿಯೋದಾಗ... 'ಬಸ್ ಅಮ್ಮೀ. ಪಾನಿ ನಕ್ಕೋ.'

"ಸಾಕವ್ವ, ನೀರು ಬ್ಯಾಡ ಅಂತ.

"ರಶೀದ ಅಹ್ಮದ ಅರ್ಥ್ ತಂತಿ ಬಿಚ್ಚಿದ. ದನಿ ನಿಂತು. ಹಚ್ಚಿದ, ಬಂತು. ಖಾಲಾ ಖಾಲಿ ಕೊಡಾ ಹಿಡ್ಕೊಂಡು ಒಳಗ ಬಂದ್ಲು. ಅಂವ ಆಕಿ ಮಾರಿ ನೋಡ್ಲಿಲ್ಲ. 'ಅಮ್ಮಾ, ಇದು ಮ್ಯಾಲಿಂದ ಬರ್ಲಿಕತ್ತಿಲ್ರಿ' ಅಂದ.

"ಅಳ್ತಾಳ ಅನ್ಕೊಂಡಿದ್ದೆ. ಅಳ್ಲಿಲ್ಲ. ಕೊಡಾ ಇಟ್ಟು ಗುದ್ದಲಿ ತಗೊಂಡ್ಲು. ಒಬ್ಬಾಕಿನೇ ಅಗೀಲಿಕ್ಕ ನಿಂತ ಮ್ಯಾಲ ಗಂಡಸರು ಹ್ಯಾಂಗ ಸುಮ್ನ ಕೂಡ್ತಾರ, ನಮ್ಮ ಮನಿಯವರೂ ಹೋದ್ರು. ಮರುದಿನಾ ಸಿಕ್ಕ. ಎಲುಬು ಯಾವ ತಾಯಿ ಗುರ್ತು ಹಿಡೀತಾಳ್ರಿ? ಅಂಗಿ ಗುಂಡಿ ಸಿಕ್ಕಿದ್ವು, ತಾನೇ ಮಾಡಿದ ಬಿದ್ರಿ ಗುಂಡಿ... ಆ ಕಪ್ಪು, ಅದರಾಗ ಬೆಳ್ಳಿ ಹೂವು. ಮಣ್ಣು ಮಾಡಿ ಬಂದ್ವಿ, ನಮಾಜ ಆತು.

"ಅಲ್ಲಿಗೇ ಮುಗಿದಿತ್ತಂದ್ರ ಈ ತಂತಿ ಯಾಕ ಇರ್ತಿತ್ತು?

"ಮಗ ಸುಖದಾಗ ಹಾನೋ ಇಲ್ಲೋ ಕೇಳ್ಬೇಕು ಅಂದ್ಲು ಖಾಲಾ. ತಾಮ್ರ ಮತ್ತ ಅಲ್ಲೇ ಹುಗಿಸಿದ್ಲು. ಸಂಜಿಕ ಇಬ್ರೂ ಕುಂತ್ವಿ. ಯೂಸುಫ ಇಲ್ಲ. ಆಕಿ ಹಗೂರಕ ಉಸಿರು ಬಿಟ್ಲು, ಬಂದ್ ಮಾಡ್ಲಿಕ್ಕ ಕೈ ಚಾಚಿದ್ಲು... ಆಗ ಮತ್ತೊಂದು ದನಿ. ನಮ್ಮ ಮಾತಿನಾಗ. 'ಆಯಿ... ನನಗೂ ಹೊರಗ ತಗೀರಿ.'"

ಕೌಸಲ್ಯಾಬಾಯಿ ಕಾಲು ಮಡಚಿ ಹತ್ತಿರ ಸರಿದರು. ಮಾಮಾ ನೆಲದ ಮೇಲೆ ಊರಿದ್ದ ಕೈಯನ್ನು ಎತ್ತಿಕೊಂಡರು.

"ಮತ್ತ ಅಗದ್ವಿ. ಸೆಲಿ ಒಡೀತು, ದಂಡಿ ಕುಸೀತು, ಒಬ್ಬನ ಕಾಲು ಮುರೀತು. ಇನ್ನ ಯಾರೂ ಗುದ್ದಲಿ ಮುಟ್ಲಿಲ್ಲ. ಖಾಲಾ ಬಿಡ್ಲಿಲ್ಲ. ತಗೀಲಿಕ್ಕ ಆಗ್ಲಿಲ್ಲಂದ್ರ ಹೆಸರರ ತಿಳೀಲಿ, ಇವನ ತಾಯಿನೂ ಎಲ್ಲೋ ರೇಡಿಯೋ ಮುಂದ ಕುಂತಿರ್ತಾಳ ಅಂತ ದಿನಾ ಕೇಳ್ತಿದ್ಲು, 'ತೇರಾ ನಾಮ ಬೋಲ, ಬೇಟಾ.' ಅಂವ ಹೇಳ್ಲಿಲ್ಲ. ಆಕಿ ಹೋಗೂ ಮುಂದ ರೇಡಿಯೋ ನನ್ನ ಉಡ್ಯಾಗ ಇಟ್ಲು. ನಮ್ಮವರು ಮನಿ ಬೆಳಸಿ ಪಡಸಾಲಿ ಕಟ್ಟಿದಾಗ ನಾನೇ ಅಂದೆ, ಬಾವಿ ಮ್ಯಾಲೇ ಕಟ್ರಿ, ಆದ್ರ ತಂತಿ ಕಡೀಬ್ಯಾಡ್ರಿ.

"ಹ್ಞೂಂ... ನೀವು ಕುಂತದ್ದು ಅದರ ಮ್ಯಾಲೇ."

ಯಾರೂ ಏಳಲಿಲ್ಲ. ಎದ್ದು ಎಲ್ಲಿ ಕಾಲಿಡುವುದು? ಆಯಿ ನನ್ನತ್ತ ತಿರುಗಿ, ಮಾಡದ ಬಟ್ಟೆ ಸರಿಸಲು ಹೇಳಿದಳು. ಸರಿಸಿದೆ. ಬೆನ್ನಿನ ಹಲಗೆ ಇರಲಿಲ್ಲ. ಬ್ಯಾಟರಿ ಇಡುವ ಜಾಗ ಖಾಲಿ ಇತ್ತು.

"ಬ್ಯಾಟರಿ ಸಿಗೂದು ಬಂದಾಗಿ ಎಷ್ಟೋ ವರ್ಷಾತು," ಎಂದಳು ಆಯಿ. "ಮಳಿ ಹಿಡಿದ ದಿನ ಅದಕ್ಕ ಬ್ಯಾಟರಿ ಬೇಕಾಗಂಗಿಲ್ಲ... ಕಂದೀಲು ಸಣ್ಣ ಮಾಡು, ಮಗಾ. ಮಾಣಿಕ, ಹಲ್ಲು ಕಟಕಟ ಅನಸಬ್ಯಾಡ, ಸುಮ್ನ ಕೂಡ್ರು. ಇವತ್ತರ ಹೆಸರು ಹೇಳ್ತಾನೇನು ಕೇಳೂಣು."