ಅಂಬಾಸಿಡರ್ ಬಾಗಿಲಿನ ಸುಣ್ಣ

ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಎಚ್.ಡಿ. ಕೋಟೆ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು, ಆಕೆಯನ್ನು ಬಸ್ ಹತ್ತಿಸಲು ಬಂದ ತಮ್ಮ. ಅವನ ಉಗುರಿನ ಸಂದಿಯಲ್ಲೆಲ್ಲ ಪೇಂಟು.

“ಬಸ್ ಡಿಪೋದಲ್ಲಿ ನೀನು ಮೆಕ್ಯಾನಿಕ್ ಆಗಿ ನೆಮ್ಮದಿಯಾಗಿದ್ದೆ ಕಣೋ ಮಾದೇಶ. ಹಳೇ ಕಾರು ಹೊಸದು ಮಾಡ್ತೀನಿ ಅಂತ ಆ ಕೆಲ್ಸ ಬುಟ್ಟೆ.”

“ಮತ್ತೆ ಅದನ್ನೇ ಎತ್ತಬ್ಯಾಡ ಕಣಕ್ಕ. ನಂಗೂ ಸಾಕಾಗೋಯ್ತು.”

“ಸಾಲಿಗ್ರಾಮದಮ್ಮ ಹೊಸದು ಮಾಡಕ್ಕೆ ಕೊಟ್ಟಿದ್ದ ಅಂಬಾಸಿಡರ್ ತಕೊಂಡೋದ್ರಾ?”

“ಎಲ್ಲಿ? ಬಂದ್ರು, ಒಳಗೆ ಕೂತ್ರು, ಇಳಿದ್ರು. ಇದು ನಮ್ಮ ಯಜಮಾನ್ರ ಕಾರೇ ಅಲ್ಲ ಅಂದ್ಬುಟ್ರು.”

“ಅದೇನ್ ಕೆಡಿಸ್ದೆ ನೀನು?”

“ಅವರ ಯಜಮಾನ್ರು ಎಲೆಗೆ ಸುಣ್ಣ ಹಚ್ಕೊಂಡು, ಬೆರಳಲ್ಲಿ ಮಿಕ್ಕಿದ್ದನ್ನ ಡ್ರೈವರ್ ಬಾಗಿಲಿಗೆ ಒರೆಸ್ತಿದ್ರಂತೆ. ಬೆಳ್ಳಗೆ ದಪ್ಪಗೆ ಕಟ್ಕೊಂಡಿತ್ತು. ನಾನು ಕೆರೆದು ಪೇಂಟ್ ಹೊಡ್ದೆ.”

“ಗಲೀಜು ತೆಗೀದೆ ಇನ್ನೇನ್ ಮಾಡ್ತಾರೆ?”

“ಅವರು ತೀರೋದ್ಮೇಲೆ ಆಯಮ್ಮ ಆ ಸುಣ್ಣದ ಜಾಗ ಒಂದು ಬುಟ್ಟು ಮಿಕ್ಕ ಕಾರೆಲ್ಲ ತೊಳೀತಿದ್ರಂತೆ.”

“ಅಂಗಂತ ಮೊದ್ಲೇ ಯೋಳ್ಬಾರ್ದಾ? ಒಂದು ಸುಣ್ಣದ ಕಲೆಗೆ ಇಷ್ಟೊಂದಾ?”

“ಬುಡು. ಈಗ ಶೆಡ್ಡಲ್ಲಿ ಬೇರೆ ಕೆಲ್ಸಾನೂ ಇಲ್ಲ. ಭಾವ ತೀರ್ಕೊಂಡಾಗಿಂದ ಅವರ ಸ್ಕೂಟರ್ ನಿಮ್ಮನೆ ಜಗಲೀಲಿ ತುಕ್ಕಿಡೀತಾ ಅದೆ. ಕೊಡು, ಫಳಫಳ ಅನ್ನಂಗೆ ಮಾಡ್ಕೊಡ್ತೀನಿ.”

ಪಿರಿಯಾಪಟ್ಟಣದ ಬಸ್ಸು ಬಂತು. ಆಕೆ ಬ್ಯಾಗು ಎತ್ತಿಕೊಂಡು ಹೋದಳು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ ಮೇಲೆ ತಿರುಗಿದಳು.

“ಸ್ಕೂಟರ್ ಮುಟ್ಟಬ್ಯಾಡ ಕಣೋ. ಅದರ ಸೀಟು ಇನ್ನೂ ಅವರು ಕೂತಂಗೇ ತಗ್ಗಾಗಿ ಅದೆ.”